ಕಾತ್ರಜ್‌ನಿಂದ ಸಿಂಹಗಡಕ್ಕೆ: ಹದಿಮೂರು ಗುಡ್ಡಗಳನ್ನು ಒಂದೇ ಹಗಲಲ್ಲಿ ದಾಟುವುದು ಹೇಗೆ

ಪುಣೆಯಲ್ಲಿರುವ ಕನ್ನಡಿಗರಿಗೆ ಕಾತ್ರಜ್ ಅಂದರೆ ಊರಿಗೆ ಹೋಗುವ ದಾರಿ. ಬೆಳಗಾವಿಗೋ ಹುಬ್ಬಳ್ಳಿಗೋ ಹೊರಟ ಬಸ್ಸು ಕಾತ್ರಜ್ ದಾಟಿತು ಅಂದರೆ ಪುಣೆ ಹಿಂದೆ ಬಿತ್ತು ಅಂತ ಲೆಕ್ಕ. ಕಿಟಕಿಯಿಂದ ನೋಡಿ ಮರೆತುಬಿಡುವ ಆ ಗುಡ್ಡಗಳ ಮೇಲೆ, ಹಳೆಯ ಕಾತ್ರಜ್ ಸುರಂಗದ ನೆತ್ತಿಯಿಂದಲೇ, ಪುಣೆ ಸುತ್ತಿನ ಅತ್ಯಂತ ಒಳ್ಳೆಯ ಒಂದು ದಿನದ ನಡಿಗೆ ಶುರುವಾಗುತ್ತದೆ. ಟ್ರೆಕ್ಕಿಂಗ್ ಮಂದಿ ಇದನ್ನು ಚುಟುಕಾಗಿ ಕೆ-ಟು-ಎಸ್ ಅನ್ನುತ್ತಾರೆ. ಕಾತ್ರಜ್‌ನಿಂದ ಸಿಂಹಗಡ ಕೋಟೆಯವರೆಗೆ ಸುಮಾರು 16 ಕಿ.ಮೀ. ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿದ ಭುಲೇಶ್ವರ ಸಾಲಿನ ಬೆನ್ನ ಮೇಲೆಯೇ ನಡೆಯಬೇಕು.

16 ಕಿ.ಮೀ. ಕೇಳಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಸಮತಟ್ಟಾದ ರಸ್ತೆಯಲ್ಲಿ ಮೂರೂವರೆ ಗಂಟೆಯ ಕೆಲಸ. ಇಲ್ಲಿ ಅದಕ್ಕೆ ಎಂಟು ಗಂಟೆ ಹಿಡಿಯುತ್ತದೆ. ಹೊಸಬರ ಗುಂಪಾದರೆ ಒಂಬತ್ತು-ಹತ್ತು. ಕಾರಣ ಇಷ್ಟೇ: ಒಂದು ಬೆಟ್ಟ ಹತ್ತಿ ಇಳಿದರೆ ಮುಗಿಯುವ ದಾರಿ ಇದಲ್ಲ. ಹತ್ತಬೇಕು, ಹತ್ತಿದ್ದನ್ನೆಲ್ಲ ಇಳಿದು ಕಳೆದುಕೊಳ್ಳಬೇಕು, ಮತ್ತೆ ಮೊದಲಿನಿಂದ ಹತ್ತಬೇಕು. ಗುಡ್ಡಗಳು 13 ಎಂಬ ಮಾತು ರೂಢಿಯಲ್ಲಿದೆ. ಸಣ್ಣ ಉಬ್ಬುಗಳನ್ನೂ ಸೇರಿಸುವವರು ಇನ್ನೂ ಜಾಸ್ತಿ ಹೇಳುತ್ತಾರೆ. ನೀವು ಎಣಿಸಲು ಹೋಗಬೇಡಿ. ಎಣಿಕೆ ತಪ್ಪಿದಾಗ "ಇನ್ನೆಷ್ಟಿದೆ" ಎಂಬ ಪ್ರಶ್ನೆಯೇ ಅರ್ಧ ಸುಸ್ತು ತರುತ್ತದೆ.

ಈ ದಾರಿಯಲ್ಲಿ ಜನ ಸೋಲುವುದು ಏರಿನಲ್ಲಿ ಅಲ್ಲ, ಇಳಿತದಲ್ಲಿ. ಏರಿನಲ್ಲಿ ಉಸಿರು ಹೋದರೆ ಎರಡು ನಿಮಿಷ ನಿಂತರೆ ಬರುತ್ತದೆ. ಇಳಿತದಲ್ಲಿ ಮಂಡಿ ಹೋದರೆ ಆ ದಿನ ಮತ್ತೆ ಬರುವುದಿಲ್ಲ. ಕೆಳಗೆ ಹೇಳುವ ತಯಾರಿಯಲ್ಲಿ ಹೆಚ್ಚಿನದು ಇದೇ ಕಾರಣಕ್ಕೆ.

ಯಾವ ತಿಂಗಳು, ಯಾವ ಹೊತ್ತು

ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ಹೋಗಿ. ಆಗ ಮಳೆಯ ಕೆಸರು ಒಣಗಿರುತ್ತದೆ, ಕಾಲುದಾರಿ ಕಣ್ಣಿಗೆ ಕಾಣುತ್ತದೆ, ಮಧ್ಯಾಹ್ನದ ಬಿಸಿಲು ತಡೆಯುವಂತಿರುತ್ತದೆ. ಮಾರ್ಚ್ ಬಂತೆಂದರೆ ಈ ಸಾಲಿನ ಮೇಲೆ ಹಗಲು ನಡೆಯುವುದು ಬೇಡ. ನೆರಳು ಕೊಡುವ ಮರಗಳು ಬೆರಳೆಣಿಕೆಯಷ್ಟು. ಕೆಳಗಿನ ಕಪ್ಪು ಬಸಾಲ್ಟ್ ಕಲ್ಲು ಕಾದು ಕಾವು ಕಾರುತ್ತದೆ. ಒಣಹುಲ್ಲಿಗೆ ಬೆಂಕಿ ಬೀಳುವ ಕಾಲವೂ ಅದೇ.

ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಕರೆಯುತ್ತದೆ, ನಿಜ. ಆದರೆ ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿರುವವರು ಕಾಣುವುದಿಲ್ಲ, ಇಳಿಜಾರಿನ ಮಣ್ಣು ಜಾರುತ್ತದೆ, ಎರಡೂ ಬದಿಯಲ್ಲಿ ಇಳಕಲು. ಮೊದಲ ಸಲಕ್ಕೆ ಅದು ಬೇಡ.

ರಾತ್ರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಪುಣೆಯಲ್ಲಿ ಈ ಟ್ರೆಕ್ ಜನಪ್ರಿಯವಾಗಿರುವುದೇ ರಾತ್ರಿ ನಡಿಗೆಯಾಗಿ, ಅದರಲ್ಲೂ ಹುಣ್ಣಿಮೆ ರಾತ್ರಿ. ಬಲಕ್ಕೆ ಇಡೀ ಪುಣೆಯ ದೀಪಗಳು, ಎಡಕ್ಕೆ ಹೆದ್ದಾರಿಯ ದೀಪಗಳು. ನೋಡಲು ಚೆಂದ. ಆದರೂ ಮೊದಲ ಸಲ ಹಗಲಲ್ಲೇ ಹೋಗಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಡಿಲ ಜಲ್ಲಿಯ ಇಳಿತವನ್ನು ಟಾರ್ಚ್ ಬೆಳಕಲ್ಲಿ ಇಳಿಯುವುದು ಕಷ್ಟ. ಕವಲು ಬಂದಾಗ ಯಾವುದು ದನದ ದಾರಿ, ಯಾವುದು ನಮ್ಮ ದಾರಿ ಅಂತ ಗೊತ್ತಾಗುವುದಿಲ್ಲ. ಯಾರಿಗಾದರೂ ಕಾಲು ಉಳುಕಿದರೆ ಬೆಳಗಾಗುವವರೆಗೆ ಅಲ್ಲೇ ಕೂರಬೇಕು. ಹಗಲಲ್ಲಿ ಒಮ್ಮೆ ದಾರಿ ಗುರುತಾದ ಮೇಲೆ ಹುಣ್ಣಿಮೆಗೆ ಹೋಗಿ, ಎರಡು ಪಟ್ಟು ಖುಷಿ ಸಿಗುತ್ತದೆ.

ಕಾಲುಗಳನ್ನು ತಯಾರು ಮಾಡುವುದು

ಆರು ವಾರ ಇಟ್ಟುಕೊಳ್ಳಿ. ಹಿಂಜವಡಿಯಲ್ಲೋ ಮಗರಪಟ್ಟಾದಲ್ಲೋ ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಇದಕ್ಕಿಂತ ಕಡಿಮೆ ಸಾಲದು.

ಮೊದಲ ಎರಡು ವಾರ ಸುಮ್ನೆ ನಡೆಯಿರಿ. ವಾರದಲ್ಲಿ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ. ಮನೆಯ ಹತ್ತಿರ ತಳಜಾಯಿ, ಹನುಮಾನ್ ಟೇಕಡಿ, ವೇತಾಳ ಟೇಕಡಿ ಯಾವುದಿದ್ದರೆ ಅದು. ವೇತಾಳ ಟೇಕಡಿ ಪುಣೆ ನಗರದೊಳಗಿನ ಅತಿ ಎತ್ತರದ ಗುಡ್ಡ. ಅಲ್ಲಿನ ಏರು-ಇಳಿತದ ಕಲ್ಲುಮಣ್ಣು ಕಾತ್ರಜ್ ಸಾಲಿನ ನೆಲವನ್ನೇ ಹೋಲುತ್ತದೆ.

ಮೂರನೇ ವಾರದಿಂದ ಮೆಟ್ಟಿಲು ಸೇರಿಸಿ. ಪರ್ವತಿ ಬೆಟ್ಟಕ್ಕೆ 103 ಮೆಟ್ಟಿಲು. ಐದು ಸಲ ಹತ್ತಿ ಇಳಿಯಿರಿ, ಮುಂದಿನ ವಾರ ಎಂಟು ಸಲ. ಹತ್ತುವಾಗ ಬೇಕಾದರೆ ವೇಗ ಮಾಡಿ, ಇಳಿಯುವಾಗ ಮಾತ್ರ ಬೇಕಂತಲೇ ನಿಧಾನ ಮಾಡಿ. ಒಂದೊಂದು ಮೆಟ್ಟಿಲಿಗೂ ಮಂಡಿ ಸ್ವಲ್ಪ ಬಾಗಿಸಿ, ಸದ್ದಾಗದಂತೆ ಪಾದ ಇಡಿ. ತೊಡೆಯ ಮುಂಭಾಗ ಮರುದಿನ ನೋಯಬೇಕು. ನೋಯಿತು ಅಂದರೆ ಕೆಲಸ ಆಗುತ್ತಿದೆ ಅಂತ ಅರ್ಥ. ನೋವು ಮಂಡಿಯೊಳಗೇ ಇದ್ದರೆ ಬೇರೆ ಮಾತು, ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಐದನೇ ವಾರ ಸಿಂಹಗಡಕ್ಕೇ ಹೋಗಿ. ಕೆಳಗಿನ ಆತಕರವಾಡಿಯಿಂದ ಕಾಲುದಾರಿ ಹಿಡಿದು ಗಡ ಹತ್ತಿ. ಬೆನ್ನಿಗೆ ಐದು ಕಿಲೋ ಚೀಲ ಇರಲಿ. ಒಂದೂವರೆ ಗಂಟೆಯೊಳಗೆ ಮೇಲೆ ಮುಟ್ಟಿ, ಇಳಿದು, ಅರ್ಧ ಗಂಟೆ ಕೂತು, "ಇನ್ನೊಂದು ಸಲ ಹತ್ತಬಲ್ಲೆ" ಅನ್ನಿಸಿದರೆ ನೀವು ತಯಾರಾದಿರಿ. ಅನ್ನಿಸದಿದ್ದರೆ ಇನ್ನೆರಡು ವಾರ ತಗೊಳ್ಳಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಆರನೇ ವಾರ ವಿಶ್ರಾಂತಿ, ಹಗುರ ನಡಿಗೆ ಮಾತ್ರ.

ನೀರು: ಇಲ್ಲಿ ಜಿಪುಣತನ ಬೇಡ

ಸುರಂಗ ಬಿಟ್ಟ ಮೇಲೆ ಸಿಂಹಗಡದ ಡಾಂಬರು ರಸ್ತೆ ಸಿಗುವವರೆಗೆ ನಂಬಬಹುದಾದ ಕುಡಿಯುವ ನೀರು ಇಲ್ಲ. ಅಂಗಡಿಯೂ ಇಲ್ಲ. ಒಬ್ಬರಿಗೆ ಕನಿಷ್ಠ 4 ಲೀಟರ್. ಬೆವರು ಜಾಸ್ತಿ ಬರುವವರಿಗೆ 5. ಅಷ್ಟು ನೀರು ಅಂದರೆ ಐದು ಕಿಲೋ ಭಾರ. ಚೀಲದಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ.

ನಾಲ್ಕು ಬಾಟಲಿಯಲ್ಲಿ ಒಂದಕ್ಕೆ ಓ.ಆರ್.ಎಸ್. ಪುಡಿ ಹಾಕಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ 6 ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚ ಅಂದರೆ ಟೀ ಚಮಚ. ಉಪ್ಪು ಕಣ್ಣಂದಾಜಿನಲ್ಲಿ ಹಾಕಬೇಡಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುವುದು ಎಷ್ಟೋ ಸಲ ಹೀಗೆಯೇ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ.

ಒಂದು ಲೆಕ್ಕ ತಲೆಯಲ್ಲಿಡಿ: ನೀರು ಅರ್ಧ ಆಗುವ ಹೊತ್ತಿಗೆ ದಾರಿಯೂ ಅರ್ಧ ಆಗಿರಬೇಕು. ಆಗಿಲ್ಲ ಅಂದರೆ ಮುಂದಿನ ನಿರ್ಧಾರ ಆ ಕ್ಷಣವೇ ಮಾಡಬೇಕು. ಅದನ್ನು ಕೆಳಗೆ ಹೇಳಿದ್ದೇನೆ.

ಬುತ್ತಿ

ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತದೆ. ಚಪಾತಿಗೆ ಶೇಂಗಾ ಚಟ್ನಿಪುಡಿ ಮತ್ತು ತುಪ್ಪ ಸವರಿ ಸುತ್ತಿಕೊಂಡರೆ ಸಂಜೆಯವರೆಗೂ ಕೆಡುವುದಿಲ್ಲ, ನಿಂತಲ್ಲೇ ತಿನ್ನಬಹುದು. ಖಡಕ್ ಜೋಳದ ರೊಟ್ಟಿ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ನೀರು ಜಾಸ್ತಿ ಬೇಕು. ಜೇಬಿನಲ್ಲಿ ಹುರಿಗಡಲೆ, ಬೆಲ್ಲ, ಖರ್ಜೂರ, ಶೇಂಗಾ ಚಿಕ್ಕಿ. ಹೊಟ್ಟೆ ತುಂಬ ಒಂದೇ ಸಲ ತಿಂದರೆ ಮುಂದಿನ ಏರು ಕಷ್ಟವಾಗುತ್ತದೆ. ಗಂಟೆಗೊಮ್ಮೆ ಒಂದು ಹಿಡಿ, ಹನ್ನೊಂದೂವರೆಗೆ ಎರಡು ಚಪಾತಿ. ಅಷ್ಟು ಸಾಕು.

ಮೈಮೇಲೆ, ಚೀಲದಲ್ಲಿ

ಶೂ ಮುಖ್ಯ. ತಳದಲ್ಲಿ ಆಳ ಗೀರುಗಳಿರಬೇಕು. ಓಡುವ ಶೂ ಇಲ್ಲಿ ಜಾರುತ್ತದೆ. ದುಬಾರಿಯದೇ ಬೇಕಿಲ್ಲ, ಸಹ್ಯಾದ್ರಿಯಲ್ಲಿ ವರ್ಷಗಳಿಂದ ಜನ ಆಕ್ಷನ್ ಟ್ರೆಕ್ಕಿಂಗ್ ಶೂ ಹಾಕಿಕೊಂಡೇ ಗಡಗಳನ್ನು ಹತ್ತುತ್ತಿದ್ದಾರೆ. ಅಳತೆ ಅರ್ಧ ಅಂಕಿ ದೊಡ್ಡದಿರಲಿ, ಇಳಿಯುವಾಗ ಬೆರಳು ಮುಂದೆ ಒತ್ತುತ್ತವೆ. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಹೊಸ ಶೂ ಆ ದಿನವೇ ಮೊದಲ ಸಲ ಹಾಕಬೇಡಿ.

ತುಂಬುತೋಳಿನ ಅಂಗಿ, ಪೂರ್ತಿ ಪ್ಯಾಂಟು, ಅಂಚಿರುವ ಟೋಪಿ. ಒಣಹುಲ್ಲಿನ ಮುಳ್ಳು ಕಾಲ್ಚೀಲಕ್ಕೆ ಅಂಟಿ ಇಡೀ ದಿನ ಕಾಡುತ್ತದೆ. ಎರಡು ಊರುಗೋಲು ಇದ್ದರೆ ಮಂಡಿಯ ಭಾರ ಕೈಗೂ ಹಂಚಿಹೋಗುತ್ತದೆ. ಇಲ್ಲದಿದ್ದರೆ ಗಟ್ಟಿಯಾದ ಒಂದು ಬಿದಿರು ಕೋಲು. ಹಗಲಿನ ನಡಿಗೆಯಾದರೂ ಹಣೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು, ತಡವಾದರೆ ಅದೇ ಗತಿ. ಮಂಡಿಪಟ್ಟಿ, ಬ್ಯಾಂಡೇಜ್, ನೋವಿನ ಮಾತ್ರೆ, ಸೀಟಿ, ಪವರ್ ಬ್ಯಾಂಕ್. ಫೋನಿನಲ್ಲಿ ಈ ದಾರಿಯ ಆಫ್‌ಲೈನ್ ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ. ಸೆಂಟು ಹಾಕಿಕೊಳ್ಳಬೇಡಿ, ಹೆಜ್ಜೇನು ಎಬ್ಬಿಸಿದಂತಾಗುತ್ತದೆ.

ಒಬ್ಬರೇ ಹೋಗಬೇಡಿ. ನಾಲ್ವರಿದ್ದರೆ ಸರಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಕೆಳಗಿಳಿದು ಸಹಾಯ ತರಬಹುದು. ಅರಣ್ಯ ಇಲಾಖೆ ಆಗಾಗ ಬೆಟ್ಟಗಳಿಗೆ ಪ್ರವೇಶ ನಿಲ್ಲಿಸುವುದುಂಟು, ಹೊರಡುವ ವಾರ ವಿಚಾರಿಸಿಕೊಳ್ಳಿ.

ಸುರಂಗದವರೆಗೆ

ಸ್ವಾರ್‌ಗೇಟ್ ಕಡೆಯಿಂದ ಕಾತ್ರಜ್ ತನಕ ಸಿಟಿ ಬಸ್ಸಿದೆ. ಅಲ್ಲಿಂದ ಹಳೆಯ ಘಾಟಿನಲ್ಲಿ ಸುರಂಗದವರೆಗೆ ರಿಕ್ಷಾ ಮಾಡಿಕೊಳ್ಳಿ. ಊರ ಕಡೆಯ ಬಸ್ಸು ಹತ್ತಿ ಇಳಿದುಕೊಂಡರಾಯಿತು ಅಂದುಕೊಳ್ಳಬೇಡಿ. ದೂರದ ಬಸ್ಸುಗಳು ಬೈಪಾಸಿನ ಹೊಸ ಸುರಂಗದಿಂದ ಹೋಗಿಬಿಡುತ್ತವೆ. ಹಳೆಯ ಘಾಟಿನಲ್ಲೇ ಹೋಗುವ ಎಸ್.ಟಿ. ಸಿಕ್ಕರೆ ಕಂಡಕ್ಟರಿಗೆ "ಜುನಾ ಬೋಗದಾ" ಅಂತ ಸ್ಪಷ್ಟವಾಗಿ ಹೇಳಿ. ಸ್ವಂತ ಗಾಡಿ ತರಬೇಡಿ, ನಡಿಗೆ ಮುಗಿಯುವುದು ಬೇರೆ ಕಡೆ.

ಡಿಸೆಂಬರಿನಲ್ಲಿ ಪುಣೆಯ ಸೂರ್ಯೋದಯ ಏಳರ ಆಸುಪಾಸು, ಸೂರ್ಯಾಸ್ತ ಆರಕ್ಕೆ. ಕೈಯಲ್ಲಿ ಇರುವುದು ಹನ್ನೊಂದೇ ಗಂಟೆ ಬೆಳಕು. ಆರೂವರೆಗೆ, ಮುಖ ಗುರುತು ಹತ್ತುವಷ್ಟು ಬೆಳಕಾದ ಕೂಡಲೇ ನಡೆಯಲು ಶುರುಮಾಡಿ. ಎಂಟಕ್ಕೆ ಶುರುಮಾಡುವ ಗುಂಪು ಕೊನೆಯ ಇಳಿತಗಳನ್ನು ಸುಸ್ತಾದ ಕಾಲಲ್ಲಿ, ಎದುರು ಬಿಸಿಲಲ್ಲಿ ಇಳಿಯುತ್ತದೆ.

ಬೆಟ್ಟದ ಬೆನ್ನ ಮೇಲೆ

ಸುರಂಗದ ಬಳಿ ವಾಘಜಾಯಿ ದೇವಿಯ ಗುಡಿ ಇದೆ. ಅಲ್ಲಿಂದ ಕಾಲುದಾರಿ ಮೇಲೇರುತ್ತದೆ. ಮೊದಲ ಗುಡ್ಡವೇ ಕಡಿದಾದ ಏರು. ಮೈ ಇನ್ನೂ ಬಿಸಿಯಾಗಿರುವುದಿಲ್ಲ, ಹುಮ್ಮಸ್ಸು ಮಾತ್ರ ಜೋರಾಗಿರುತ್ತದೆ. ಇಲ್ಲಿ ಬೇಕೆಂದೇ ನಿಧಾನ ನಡೆಯಿರಿ. ಮಾತಾಡುತ್ತ ಹತ್ತಲು ಆಗಬೇಕು, ಅದೇ ಸರಿಯಾದ ವೇಗ. ಮಾತು ಕಡಿದುಹೋಗುತ್ತಿದ್ದರೆ ಇನ್ನೂ ನಿಧಾನ ಮಾಡಿ.

ಮೇಲೆ ಬಂದ ಮೇಲೆ ದಿಕ್ಕು ಬಹಳ ಸರಳ. ಪಶ್ಚಿಮಕ್ಕೆ ನಡೆಯುತ್ತಿದ್ದೀರಿ. ಬೆಳಗಿನ ಬಿಸಿಲು ಬೆನ್ನಿಗಿರಬೇಕು. ಬಲಗಡೆ ಪುಣೆ ನಗರ, ಮುಂದೆ ಹೋದಂತೆ ಖಡಕವಾಸಲಾ ಜಲಾಶಯದ ನೀರು. ಎಡಗಡೆ ಶಿವಗಂಗಾ ಕಣಿವೆ, ಖೇಡ್ ಶಿವಾಪುರ, ಬೆಂಗಳೂರಿಗೆ ಹೋಗುವ ಹೆದ್ದಾರಿ. ಎದುರಿಗೆ ದೂರದಲ್ಲಿ ಸಿಂಹಗಡದ ಟಿ.ವಿ. ಗೋಪುರ. ಆ ಗೋಪುರವನ್ನು ದಿಕ್ಕಿಗೆ ಮಾತ್ರ ಬಳಸಿ, ದೂರ ಅಳೆಯಲು ಬಳಸಬೇಡಿ. ಒಂದೇ ಗುಡ್ಡ ಬಾಕಿ ಅನ್ನಿಸುವಾಗ ನಡುವೆ ಇನ್ನೂ ನಾಲ್ಕು ಅಡಗಿರುತ್ತವೆ.

ದಾರಿ ತಪ್ಪುವುದು ಸಾಮಾನ್ಯವಾಗಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮರಾಠಿಯಲ್ಲಿ ಅದನ್ನು ಖಿಂಡ್ ಅನ್ನುತ್ತಾರೆ. ಅಲ್ಲಿ ಎರಡೂ ಬದಿಯ ಹಳ್ಳಿಗಳಿಗೆ ಇಳಿಯುವ ದಾರಿಗಳು ನಮ್ಮ ದಾರಿಯನ್ನು ಅಡ್ಡ ಹಾಯುತ್ತವೆ, ನೋಡಲು ಅವೇ ಹೆಚ್ಚು ಸವೆದಿರುತ್ತವೆ. ಗುಡ್ಡದ ಪಕ್ಕೆಯಲ್ಲಿ ಬಳಸಿ ಹೋಗುವ ದನದ ದಾರಿಯೂ ಆಸೆ ಹುಟ್ಟಿಸುತ್ತದೆ. ಅದು ಅರ್ಧದಲ್ಲಿ ಮುಳ್ಳಿನ ಪೊದೆಯಲ್ಲಿ ಮಾಯವಾಗುತ್ತದೆ. ಅನುಮಾನ ಬಂದರೆ ನೆತ್ತಿಯ ದಾರಿಯನ್ನೇ ಹಿಡಿಯಿರಿ. ದನ ಕಾಯುವವರು ಸಿಕ್ಕರೆ ಕೇಳಿ: "ಕಾಕಾ, ಸಿಂಹಗಡ್‌ಲಾ ವಾಟ್ ಕುಠೂನ್ ಜಾತೇ?" ಅವರು ಕೋಲೆತ್ತಿ ತೋರಿಸಿದ ದಿಕ್ಕು ನಕ್ಷೆಗಿಂತ ನಂಬಿಕೆಗೆ ಯೋಗ್ಯ.

ಪ್ರತಿ ಖಿಂಡಿಯಲ್ಲೂ ಎಲ್ಲರೂ ಸೇರುವವರೆಗೆ ನಿಲ್ಲಿ. ದಾರಿ ಬಲ್ಲವರು ಮುಂದೆ, ತಾಳ್ಮೆ ಇರುವವರು ಎಲ್ಲರಿಗಿಂತ ಹಿಂದೆ. ಹಿಂದಿನವರು ಬಂದು ಮುಟ್ಟಿದ ತಕ್ಷಣ ಮುಂದಿನವರು ಎದ್ದು ಹೊರಡುವ ಕೆಟ್ಟ ರೂಢಿ ಎಷ್ಟೋ ಗುಂಪುಗಳಲ್ಲಿದೆ. ನಿಧಾನ ಬರುವವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ, ಮಧ್ಯಾಹ್ನ ಕುಸಿಯುವುದೂ ಅವರೇ. ಅವರೂ ಐದು ನಿಮಿಷ ಕೂರಲಿ, ಆಮೇಲೆ ಎಲ್ಲರೂ ಹೊರಡಿ.

ಇಳಿಯುವ ವಿದ್ಯೆ

ಗಟ್ಟಿ ನೆಲದ ಮೇಲೆ ಸಡಿಲ ಜಲ್ಲಿ ಹರಡಿಕೊಂಡಿರುವ ಇಳಿತಗಳು ಈ ದಾರಿಯುದ್ದಕ್ಕೂ ಇವೆ. ಇಲ್ಲಿಯ ಟ್ರೆಕ್ಕಿಂಗ್ ಮಂದಿ ಅದನ್ನು ಘಸಾರಾ ಅನ್ನುತ್ತಾರೆ. ರಾಗಿ ಚೆಲ್ಲಿದ ಅಂಗಳದ ಮೇಲೆ ನಡೆದ ಹಾಗೆ, ಪಾದದ ಕೆಳಗೆ ಕಲ್ಲು ಉರುಳುತ್ತದೆ.

ಇಳಿಯುವ ಮೊದಲು ಒಮ್ಮೆ ನಿಂತು ಲೇಸು ಬಿಗಿಮಾಡಿ, ಹಿಮ್ಮಡಿ ಅಲುಗಬಾರದು. ಜಾರಿಕೆ ಕಂಡರೆ ಮೈ ಹಿಂದಕ್ಕೆ ವಾಲುತ್ತದೆ. ಭಯದಿಂದ ಹಾಗಾಗುತ್ತದೆ, ಆದರೆ ಜಾರಿ ಬೀಳಿಸುವುದೂ ಅದೇ ವಾಲುವಿಕೆ. ಭಾರ ಹಿಂದಕ್ಕೆ ಹೋದಾಗ ಶೂವಿನ ತಳಕ್ಕೆ ನೆಲದ ಹಿಡಿತ ತಪ್ಪುತ್ತದೆ. ಮಂಡಿ ಬಾಗಿಸಿ, ಸೊಂಟ ತಗ್ಗಿಸಿ, ಎದೆ ಸ್ವಲ್ಪ ಮುಂದೆ ಇರಲಿ. ಮೈಭಾರ ನೇರ ಪಾದದ ಮೇಲೆಯೇ ಬೀಳಬೇಕು. ಹೆಜ್ಜೆ ಗೇಣುದ್ದ ಸಾಕು. ತುಂಬ ಕಡಿದಾದ ಕಡೆ ಪಾದ ಅಡ್ಡ ತಿರುಗಿಸಿ, ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಅಂಕುಡೊಂಕಾಗಿ ಇಳಿಯಿರಿ. ಹುಲ್ಲು ಹಿಡಿಯಬೇಡಿ, ಕಿತ್ತು ಬರುತ್ತದೆ. ಹುಲ್ಲಿನ ಬುಡದ ಮೇಲೆ ಕಾಲಿಟ್ಟರೆ ಮಾತ್ರ ಒಳ್ಳೆಯ ಹಿಡಿತ ಸಿಗುತ್ತದೆ. ಊರುಗೋಲು ಮೊದಲು ಕೆಳಗೆ ಊರಿ, ಆಮೇಲೆ ಕಾಲು.

ಇಬ್ಬರ ನಡುವೆ ಅಂತರ ಬಿಡಿ, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಕಲ್ಲು ಉರುಳಿದರೆ ಜೋರಾಗಿ "ಕಲ್ಲು" ಅಂತ ಕೂಗಿ. ತೀರಾ ಹೆದರಿಕೆಯಾದರೆ ಕೂತು ಇಳಿಯಿರಿ, ಪ್ಯಾಂಟು ಹರಿದರೂ ಮಂಡಿ ಉಳಿಯುತ್ತದೆ. ಕೈ ಊರುವ ಮೊದಲು ಕಲ್ಲಿನ ಸಂದು ನೋಡಿಕೊಳ್ಳಿ. ಫುರ್ಸೆ ಎಂಬ ವಿಷದ ಹಾವು ಇಂಥ ಒಣ ಕಲ್ಲುನೆಲದಲ್ಲೇ ಇರುತ್ತದೆ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಕಾಲು ಅಲುಗಾಡದಂತೆ ಇರಿಸಿ, ಆಸ್ಪತ್ರೆಗೆ ಸಾಗಿಸಿ.

ಅರ್ಧದಲ್ಲಿ ಬಿಡಬೇಕಾದರೆ

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಕೂತು ಮೂರು ವಿಷಯ ನೋಡಿ. ಅರ್ಧ ದಾರಿ ಆಯಿತೇ? ನೀರು ಅರ್ಧವಾದರೂ ಉಳಿದಿದೆಯೇ? ಎಲ್ಲರ ಕಾಲೂ ಸರಿ ಇದೆಯೇ? ಒಂದಕ್ಕೆ "ಇಲ್ಲ" ಬಂದರೂ ಇಳಿಯುವ ದಾರಿ ಹುಡುಕಿ. ಎಡಕ್ಕೆ, ಅಂದರೆ ದಕ್ಷಿಣಕ್ಕೆ ಇಳಿದರೆ ಖೇಡ್ ಶಿವಾಪುರದಿಂದ ಕೊಂಢಣಪುರಕ್ಕೆ ಹೋಗುವ ರಸ್ತೆಯ ಕಡೆಯ ಹಳ್ಳಿಗಳು ಸಿಗುತ್ತವೆ. ಖಿಂಡಿಯಿಂದ ಹೊರಡುವ ಸವೆದ ಕಾಲುದಾರಿಯಲ್ಲೇ ಇಳಿಯಿರಿ. ನೀರು ಹರಿದು ಕೊರೆದ ಕೊರಕಲು ಹತ್ತಿರದ ದಾರಿ ಅನ್ನಿಸುತ್ತದೆ, ಅದರೊಳಗೆ ಇಳಿಯಬೇಡಿ. ಕೆಳಗೆ ಬಂಡೆಯ ಇಳಕಲು ಎದುರಾದರೆ ಮೇಲಕ್ಕೂ ಬರಲಾಗುವುದಿಲ್ಲ.

ಯಾರಾದರೂ ಬೆವರುವುದು ನಿಂತು, ತಲೆ ಸುತ್ತಿ, ಮಾತು ತೊದಲಿದರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ. ನೆರಳು ಇಲ್ಲದಿದ್ದರೆ ಬಟ್ಟೆ ಹಿಡಿದು ನೆರಳು ಮಾಡಿ, ಕತ್ತು-ಕಂಕುಳಿಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪೊಲೀಸರ ಸಹಾಯಕ್ಕೆ 112. ಸಿಗ್ನಲ್ ಇಲ್ಲದ ತಗ್ಗಿನಲ್ಲಿದ್ದರೆ ನೆತ್ತಿಗೆ ಹತ್ತಿ ಪುಣೆ ಕಡೆ ಮುಖ ಮಾಡಿ ಪ್ರಯತ್ನಿಸಿ. ಸೀಟಿಯ ಸಂಕೇತ ಎಲ್ಲರಿಗೂ ಗೊತ್ತಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರವಾಗಿ ಮೂರು ಸೀಟಿ ಬರುತ್ತದೆ.

ಗಡ ಮತ್ತು ವಾಪಸು

ಕೊನೆಯ ಗುಡ್ಡ ಇಳಿದರೆ ದಾರಿ ಸಿಂಹಗಡದ ಘಾಟ್ ರಸ್ತೆಗೆ ಬಂದು ಸೇರುತ್ತದೆ. ಡಾಂಬರು ಕಂಡ ಕೂಡಲೇ ಕಾಲು ಮುಷ್ಕರ ಹೂಡುತ್ತದೆ. ಇಲ್ಲಿಂದ ಗಡದ ವಾಹನ ನಿಲ್ದಾಣಕ್ಕೆ ಇನ್ನೂ ಏರು ರಸ್ತೆ. ಮೂರು ಗಂಟೆಯೊಳಗೆ ಬಂದಿದ್ದರೆ, ಜೀಪಿನಲ್ಲಿ ಜಾಗ ಸಿಕ್ಕರೆ, ಮೇಲೆ ಹೋಗಿ. ಸಮುದ್ರಮಟ್ಟದಿಂದ 1,312 ಮೀಟರ್ ಎತ್ತರದ ಈ ಗಡಕ್ಕೆ ಮೊದಲಿದ್ದ ಹೆಸರು ಕೊಂಢಾಣಾ. 1670ರ ಫೆಬ್ರವರಿ 4ರ ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಇಲ್ಲಿ ಮೊಗಲರ ಕೋಟೆಪಾಲ ಉದಯಭಾನನೊಡನೆ ಹೋರಾಡಿ ಪ್ರಾಣ ಕೊಟ್ಟರು, ಗಡ ಮರಾಠರ ಕೈಗೆ ಬಂತು. ಅವರ ಸ್ಮಾರಕ ನೋಡಿ, ಕಲ್ಯಾಣ ದರವಾಜಾವರೆಗೆ ನಡೆಯಿರಿ. ಅಲ್ಲಿಯ ಪಿಠ್ಲಾ-ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಮತ್ತು ಮಡಕೆ ಮೊಸರು ಹೆಸರುವಾಸಿ. ಉತ್ತರ ಕರ್ನಾಟಕದವರಿಗೆ ಮನೆಯ ಊಟವೇ ಸಿಕ್ಕಿದಂತೆ.

ನಾಲ್ಕು ದಾಟಿದ್ದರೆ ಗಡ ಬಿಟ್ಟುಬಿಡಿ, ಇನ್ನೊಂದು ದಿನ ಬನ್ನಿ. ಹಂಚಿಕೊಂಡು ಹೋಗುವ ಜೀಪಿನಲ್ಲಿ ಕೆಳಗಿಳಿದರೆ ಸ್ವಾರ್‌ಗೇಟ್ ಕಡೆಗೆ ಸಿಟಿ ಬಸ್ಸು ಸಿಗುತ್ತದೆ. ಕತ್ತಲಾದಂತೆ ಜೀಪುಗಳು ಕಡಿಮೆಯಾಗುತ್ತವೆ, ರಸ್ತೆಗೆ ಬಂದ ತಕ್ಷಣ ಕೊನೆಯ ಗಾಡಿ ಎಷ್ಟಕ್ಕೆ ಅಂತ ಕೇಳಿಕೊಳ್ಳಿ. ಬಸ್ಸು ಹತ್ತುವ ಮೊದಲು ಹತ್ತು ನಿಮಿಷ ತೊಡೆ, ಮೀನಖಂಡ ಎಳೆದು ಸಡಿಲಿಸಿ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ. ಮರುದಿನ ಪೂರ್ತಿ ಮಲಗದೆ ಅರ್ಧ ಗಂಟೆ ಸಮತಟ್ಟಿನಲ್ಲಿ ನಡೆಯಿರಿ. ಮಂಡಿ ಊದಿಕೊಂಡಿದ್ದರೆ ಮಾತ್ರ ಐಸ್ ಇಟ್ಟು ವಿಶ್ರಾಂತಿ. ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ.